ನನ್ನ ಫಾರಂನಲ್ಲಿ ಜಾಗವಿಲ್ಲದ ಉತ್ತರಗಳು

ಮನಸ್ಸಿನ ಡಾಕ್ಟರಾಗಿ ಹದಿನಾರು ವರ್ಷವಾಯಿತು. ಬೇರೆ ಡಾಕ್ಟರುಗಳಿಗೆ ಸ್ಟೆತಸ್ಕೋಪು, ಎಕ್ಸ್‌ರೇ ಎಲ್ಲ ಇರುತ್ತವೆ. ನಮ್ಮ ಕೈಯಲ್ಲಿರುವುದು ಪ್ರಶ್ನೆಗಳು ಮಾತ್ರ. ಯಾವಾಗಿಂದ ಹೀಗೆ, ಇವತ್ತು ಯಾವ ವಾರ, ಕಿವಿಯಲ್ಲಿ ಏನಾದರೂ ಕೇಳಿಸುತ್ತಾ ಎಂದು ಕೇಳಿ, ಬಂದ ಉತ್ತರವನ್ನು ಫಾರಂನಲ್ಲಿ ತುಂಬಿಕೊಳ್ಳಬೇಕು. ಪ್ರಶ್ನೆಗಳೇನೋ ಪುಸ್ತಕದಲ್ಲಿದ್ದ ಹಾಗೇ ಇವೆ. ಉತ್ತರ ಹೇಳುವವರು ಆ ಪುಸ್ತಕ ಓದಿಲ್ಲ. ಹಾಗಾಗಿ ವಾರಕ್ಕೊಂದಾದರೂ ಇಂಥದ್ದು ನಡೆಯುತ್ತದೆ.

ನಾವಿರೋ ಜಾಗ

ಕೆಂಗೇರಿಯ ಒಂದು ಪಾಲಿಕ್ಲಿನಿಕ್‌ಗೆ ವಾರದಲ್ಲಿ ಎರಡು ದಿನ ಹೋಗುತ್ತೇನೆ. ಒಮ್ಮೆ ಎಂಬತ್ತು ದಾಟಿದ ಯಜಮಾನರೊಬ್ಬರನ್ನು ಸೊಸೆ ಕರೆದುಕೊಂಡು ಬಂದಳು. ಬಿಳಿ ಪಂಚೆ, ಹೆಗಲ ಮೇಲೆ ಟವೆಲ್. ಇತ್ತೀಚೆಗೆ ಮರೆವು ಜಾಸ್ತಿ ಎಂದಳು.

ಮರೆವಿನ ಪರೀಕ್ಷೆ ಶುರುವಾಗುವುದೇ ದಿನ ಮತ್ತು ಜಾಗದಿಂದ. ವಾರ ಸರಿಯಾಗಿ ಹೇಳಿದರು. ತಾರೀಕು ಕೇಳಿದರೆ ತಿಥಿ ಹೇಳಿದರು. ಅದನ್ನು ಸರಿಯೋ ತಪ್ಪೋ ಎಂದು ಹೇಳುವ ಯೋಗ್ಯತೆ ನನಗಿರಲಿಲ್ಲ, ಮುಂದಕ್ಕೆ ಹೋದೆ.

"ಈಗ ನಾವಿರೋ ಜಾಗ ಯಾವುದು ತಾತ?"

"ನಮ್ಮ ಹೊಲ."

"ಹೊಲ ಅಲ್ಲ ತಾತ. ಸುತ್ತ ನೋಡಿ ಹೇಳಿ."

ಅವರು ಗೋಡೆ, ಫ್ಯಾನು, ನನ್ನ ಮೇಜು ಎಲ್ಲ ನಿಧಾನವಾಗಿ ನೋಡಿದರು. "ಹೊಲನೇ ಕಣಮ್ಮ. ರಾಗಿ ಹಾಕ್ತಿದ್ವಿ."

ಪಾಪ ಎನಿಸಿತು. 'ಸ್ಥಳದ ಅರಿವಿಲ್ಲ' ಎಂದು ಬರೆದು ಕೆಳಗೆ ಗೆರೆ ಎಳೆದೆ. ಅಷ್ಟರಲ್ಲಿ ಕಾರು ನಿಲ್ಲಿಸಿ ಮಗ ಒಳಗೆ ಬಂದರು. ಸುದ್ದಿಯನ್ನು ಮೆತ್ತಗೆ ಹೇಳಿದೆ: "ನಿಮ್ಮ ತಂದೆ ಇದನ್ನ ಹೊಲ ಅಂದ್ಕೊಂಡಿದಾರೆ."

ಮಗ ಕಾರಿನ ಕೀ ಜೇಬಿಗೆ ಹಾಕಿಕೊಂಡರು. "ಹೊಲನೇ ಅಲ್ವಾ ಮೇಡಂ. ಈ ಬಿಲ್ಡಿಂಗ್ ನಮ್ಮದೇ. ಅಪ್ಪನೇ ನಿಂತು ಕಟ್ಸಿದ್ದು."

ನಾನು ಬರೆದದ್ದನ್ನು ಹೊಡೆದು ಹಾಕುವುದನ್ನೇ ಯಜಮಾನರು ನೋಡುತ್ತಿದ್ದರು. ಎದ್ದು ಹೊರಡುವಾಗ ಸಮಾಧಾನ ಹೇಳಿದರು: "ನೀವು ಕೂತಿರೋದು ಬಾವಿ ಮೇಲೆ. ಮುಚ್ಚಿಸಿದೀವಿ, ಹೆದರ್ಕೋಬೇಡಿ."

ನೂರರಲ್ಲಿ ಏಳು

ಬಸವೇಶ್ವರನಗರದ ದಂಪತಿ. ಗಂಡ ಸರ್ಕಾರಿ ಕಚೇರಿಯಲ್ಲಿ ದೊಡ್ಡ ಹುದ್ದೆಯಲ್ಲಿದ್ದು ರಿಟೈರ್ ಆದವರು. ರೋಗಿ ಹೆಂಡತಿ.

"ನಿದ್ದೆ ಹೇಗೆ ಬರ್ತಿದೆ ಅಮ್ಮ?" ಎಂದು ಕೇಳಿದೆ.

"ಇವಳಿಗೆ ನಿದ್ದೆ ಇಲ್ಲ," ಎಂದರು ಗಂಡ.

"ಊಟ ಸೇರುತ್ತಾ?"

"ಸೇರಲ್ಲ. ಒಂದೇ ಚಪಾತಿ."

"ಮನಸ್ಸಿಗೆ ಬೇಜಾರಾಗುತ್ತಾ ಅಮ್ಮ?"

"ತುಂಬಾ ಆಗುತ್ತೆ," ಎಂದರು ಮತ್ತೆ ಗಂಡನೇ. "ಗಮನ ಅಂತೂ ನಿಲ್ಲೋದೇ ಇಲ್ಲ."

ಆಕೆ ಮಾತ್ರ ಕಿಟಕಿ ನೋಡುತ್ತಾ ಕೂತಿದ್ದರು. 'ಮಾತು ತೀರಾ ಕಡಿಮೆ' ಎಂದು ಬರೆದುಕೊಂಡು, ಗಮನದ ಪರೀಕ್ಷೆಗೆ ಬಂದೆ. ನೂರರಿಂದ ಏಳೇಳು ಕಳೆಯುತ್ತಾ ಹೋಗಬೇಕು.

"ತೊಂಬತ್ಮೂರು," ಎಂದರು ಗಂಡ. "ಎಂಬತ್ತೈದು."

"ಎಂಬತ್ತಾರು," ಎಂದರು ಆಕೆ. ಅದು ಅವರ ಮೊದಲ ಮಾತು. ಆಮೇಲೆ ನಿಲ್ಲಲಿಲ್ಲ. "ಎಪ್ಪತ್ತೊಂಬತ್ತು, ಎಪ್ಪತ್ತೆರಡು, ಅರವತ್ತೈದು, ಐವತ್ತೆಂಟು..." ಎನ್ನುತ್ತಾ ಎರಡರ ತನಕ ಇಳಿದು ನಿಂತರು.

ಗಂಡನನ್ನು ಹೊರಗೆ ಕೂರಲು ಹೇಳಿದೆ. ಬಾಗಿಲು ಹಾಕಿದ ಮೇಲೆ ಆಕೆ ಕುರ್ಚಿಯನ್ನು ಹತ್ತಿರ ಎಳೆದುಕೊಂಡರು. ಕಾಯಿಲೆಯ ಹಿಸ್ಟರಿಯ ಮೊದಲ ಪ್ರಶ್ನೆಯನ್ನು ಆಗ ಕೇಳಿದೆ: "ಇದೆಲ್ಲ ಯಾವಾಗಿಂದ ಶುರುವಾಯ್ತು ಅಮ್ಮ?"

"ಅವರು ರಿಟೈರ್ ಆದ ಮಾರನೇ ದಿನದಿಂದ."

ಸಿಕ್ಕಿದ ಕಾಗದ

ವಿವೇಚನೆ ಅಳೆಯಲು ಒಂದು ಹಳೇ ಪ್ರಶ್ನೆಯಿದೆ: ವಿಳಾಸ ಬರೆದು ಸ್ಟಾಂಪ್ ಅಂಟಿಸಿದ ಕಾಗದ ದಾರಿಯಲ್ಲಿ ಬಿದ್ದಿದ್ದರೆ ಏನು ಮಾಡುತ್ತೀರಿ? ಪೋಸ್ಟ್ ಡಬ್ಬಿಗೆ ಹಾಕುತ್ತೇನೆ ಎಂದರೆ ವಿವೇಚನೆ ಸರಿಯಿದೆ ಎಂದರ್ಥ. ವಿಜಯನಗರದ ಕ್ಲಿನಿಕ್ಕಿನಲ್ಲಿ ಒಬ್ಬ ಹಿರಿಯರಿಗೆ ಇದನ್ನೇ ಕೇಳಿದೆ. ಅವರು ಮೂವತ್ತು ವರ್ಷ ಪೋಸ್ಟ್‌ಮ್ಯಾನ್ ಆಗಿದ್ದವರು ಎಂದು ಆಗ ನನಗೆ ಗೊತ್ತಿರಲಿಲ್ಲ.

"ಪಿನ್‌ಕೋಡ್ ಇದೆಯಾ?" ಎಂದರು.

"ಇದೆ ಅಂದ್ಕೊಳ್ಳಿ."

"ಸರಿ. ಯಾವ ಡಬ್ಬಿಗೆ ಹಾಕ್ಬೇಕು?"

"ಇಲ್ಲೇ, ಹತ್ತಿರದ್ದಕ್ಕೆ."

"ಇಲ್ಲಿದ್ದ ಡಬ್ಬಿ ತೆಗೆದು ಎಷ್ಟೋ ವರ್ಷ ಆಯ್ತಲ್ಲ ಮೇಡಂ. ನೀವು ಇದೇ ರಸ್ತೇಲಿ ದಿನಾ ಓಡಾಡ್ತೀರಿ, ನೋಡ್ಲಿಲ್ವಾ?" ಅವರು ನನ್ನ ಮುಖವನ್ನು ಕಾಳಜಿಯಿಂದ ನೋಡಿದರು. "ನಿಮಗೆ ಈ ಥರ ಆಗೋದು ಯಾವಾಗಿಂದ?"

ಎರಡು ದನಿ

ಇದು ನಾನಿನ್ನೂ ಕಲಿಯುತ್ತಿದ್ದಾಗಿನದು. ನಂದಿನಿ ಲೇಔಟ್‌ನಿಂದ ಒಬ್ಬ ಯುವಕ ಹೆಂಡತಿಯನ್ನು ಕರೆತಂದ. ಮದುವೆಯಾಗಿ ಒಂದು ವರ್ಷ. ಹುಡುಗಿ ಸೊರಗಿದ್ದಳು, ಸುಮ್ಮಸುಮ್ಮನೆ ಅಳುತ್ತಿದ್ದಳು.

"ಎದುರಿಗೆ ಯಾರೂ ಇಲ್ಲದಾಗ ಮಾತು ಕೇಳಿಸುತ್ತಾ?" ಎಂದೆ.

"ಕೇಳಿಸುತ್ತೆ ಮೇಡಂ. ನಾನು ಏನು ಮಾಡ್ತೀನೋ ಅದನ್ನೇ ಹೇಳ್ತಾ ಇರುತ್ತೆ. ಈಗ ಎದ್ಲು, ಈಗ ಹಾಲಿಟ್ಲು, ಉಕ್ಕಿಸ್ತಾಳೆ ನೋಡ್ತಿರು, ಅಂತ."

"ಒಂದೇ ದನಿಯಾ?"

"ಎರಡು. ಒಂದು ಹೇಳುತ್ತೆ. ಇನ್ನೊಂದು 'ಆಮೇಲೆ?' ಅನ್ನುತ್ತೆ."

"ಯಾರ ದನಿ ಅದು?"

ಅವಳು ಪಕ್ಕದಲ್ಲಿದ್ದ ಗಂಡನ ಮುಖ ನೋಡಿ, "ಗೊತ್ತಿಲ್ಲ" ಎಂದಳು.

ರೋಗಿ ಮಾಡುವುದನ್ನೆಲ್ಲ ಎರಡು ದನಿಗಳು ಮಾತಾಡಿಕೊಳ್ಳುವುದು ದೊಡ್ಡ ಕಾಯಿಲೆಯ ಲಕ್ಷಣ; ಪುಸ್ತಕದಲ್ಲಿ ಓದಿದ್ದೆ, ಕಂಡಿರಲಿಲ್ಲ. ಓಡಿಹೋಗಿ ಪ್ರೊಫೆಸರನ್ನು ಕರೆತಂದೆ. ಅವರ ಹಿಂದೆ ಆರು ವಿದ್ಯಾರ್ಥಿಗಳೂ ಬಂದರು. ಪ್ರೊಫೆಸರು ಮತ್ತೆ ಎಲ್ಲವನ್ನೂ ಕೇಳಿ ತಲೆದೂಗಿದರು. ಗಂಡ ಬೆವರುತ್ತಿದ್ದ. "ನಾಳೆ ಅಡ್ಮಿಟ್ ಮಾಡಿ ಮಾತ್ರೆ ಶುರು ಮಾಡೋಣ," ಎಂದವರು ಬಾಗಿಲಲ್ಲಿ ನಿಂತು ಸೇರಿಸಿದರು: "ಅದಕ್ಕೂ ಮುಂಚೆ ಮನೇಲಿ ಜೊತೆಗಿರೋರನ್ನ ಕರೆಸಿ ಹಿಸ್ಟರಿ ತಗೊಳ್ಳಿ."

ಮಾರನೇ ದಿನ ಅತ್ತೆ ಬಂದರು. ಧಾರವಾಡದ ಕಡೆಯವರು, ಹಣೆಯಲ್ಲಿ ವಿಭೂತಿ, ಒಳ್ಳೆಯ ಹೆಂಗಸು. ಕಿವಿ ಮಂದ. ಪ್ರತಿ ಪ್ರಶ್ನೆಯನ್ನೂ ಎರಡು ಸಲ ಕೂಗಿ ಕೇಳಬೇಕಾಯಿತು. ಮೂರನೇ ಪ್ರಶ್ನೆಯ ಹೊತ್ತಿಗೆ ಅವರಿಗೆ ಫೋನ್ ಬಂತು. ಅವರು ಸ್ಪೀಕರ್ ಹಾಕಿ ಫೋನನ್ನು ಮುಖದ ಮುಂದೆ ಹಿಡಿದರು. ಆ ಕಡೆ ಊರಿನಲ್ಲಿರುವ ಮಗಳು.

"ಎಲ್ಲಿದ್ದೀ ಯವ್ವಾ?"

"ದವಾಖಾನ್ಯಾಗ ಕುಂತೇನಿ. ಡಾಕ್ಟರ್ ಹುಡುಗಿ ಬರೀಲಿಕ್ಕತ್ತಾಳ. ಈಗ ಪೆನ್ನು ಕೆಳಗಿಟ್ಲು."

"ಆಮ್ಯಾಲೆ?"

"ಕನ್ನಡಕ ತಗದ್ಲು. ನನ್ನೇ ನೋಡಾಕತ್ತಾಳ."

ನಾನು ಎದ್ದು ಪ್ರೊಫೆಸರ ಕೋಣೆಗೆ ಹೋದೆ. ಬೆನ್ನ ಹಿಂದೆ "ಎದ್ದು ಹೊಂಟ್ಲು" ಎನ್ನುವುದೂ ಕೇಳಿಸಿತು.

"ಸರ್, ಆ ದನಿಗಳು ನನಗೂ ಕೇಳಿಸಿದವು," ಎಂದೆ. ಅವರು ಗಾಬರಿಯಿಂದ ಕುರ್ಚಿ ತೋರಿಸಿದರು. ಪೂರ್ತಿ ಹೇಳಿದ ಮೇಲೆ, ಅಡ್ಮಿಷನ್ ಚೀಟಿ ಹರಿದು, ಅತ್ತೆಯನ್ನು ಕಿವಿಯ ಡಾಕ್ಟರಿಗೆ ಕಳಿಸಲು ಬರೆದುಕೊಟ್ಟರು. ಮಗನನ್ನು ಕರೆದು ಅರ್ಧ ಗಂಟೆ ಮಾತಾಡಿದರು. ಅತ್ತೆಗೆ ಕಿವಿಯ ಮಿಷನ್ ಬಂತು, ಸ್ಪೀಕರ್ ನಿಂತಿತು.

ಒಂದು ತಿಂಗಳ ನಂತರ ಹುಡುಗಿ ಮತ್ತೆ ಬಂದಳು. ಮುಖದಲ್ಲಿ ಕಳೆ ಬಂದಿತ್ತು.

"ದನಿಗಳು ಈಗ ಹೇಗಿವೆ?" ಎಂದು ಪ್ರೊಫೆಸರು ಕೇಳಿದರು.

"ಈಗ ಒಂದೇ ಕೇಳ್ಸುತ್ತೆ ಸಾರ್."

ಅವರು ಒಂದು ಗಳಿಗೆ ಯೋಚಿಸಿ, ಫೈಲಿನಲ್ಲಿ ಗಂಭೀರವಾಗಿ ಬರೆದರು: 'ಶೇಕಡಾ ಐವತ್ತು ಗುಣ.'