ಶೌಕಿ ಮೇಷ್ಟರ ಬಾಯಿಗೆ ತಂತಿಬೇಲಿ

ಅಲೆಕ್ಸಾಂಡ್ರಿಯಾದ ಶೌಕಿ ಮೇಷ್ಟರು ಬಾಯಿ ಮುಚ್ಚಿದರೆ ಕೆಳಗಿನ ಹಲ್ಲುಗಳು ಮೇಲಿನವನ್ನು ಹಿಂದಿಕ್ಕಿ ಮುಂದೆ ಬಂದು ಕೂರುತ್ತಿದ್ದವು. ನಲವತ್ತಾರು ವರ್ಷ ಅವರು ರೊಟ್ಟಿಯನ್ನು ದವಡೆಯ ಮೂಲೆಯಲ್ಲೇ ಹರಿದು ತಿಂದಿದ್ದರು. ಆ ಮೂಲೆಯ ಹಲ್ಲೂ ಸವೆದು ನೋಯತೊಡಗಿದಾಗ ಹಲ್ಲಿನ ಡಾಕ್ಟರಮ್ಮನ ಬಳಿ ಹೋದರು.

"ಕೊಯ್ಯೋದಿಲ್ಲ ತಾನೆ?"

"ಇಲ್ಲ, ಇಲ್ಲ. ನಿಮ್ಮ ದವಡೆ ಮೂಳೆ ಚೆನ್ನಾಗೇ ಇದೆ, ಹಲ್ಲು ಮಾತ್ರ ವಾಲಿವೆ. ತಂತಿ ಹಾಕಿ ರಬ್ಬರ್ ಬ್ಯಾಂಡಿಂದ ಎಳೆದ್ರೆ ಸರಿಹೋಗತ್ತೆ. ಎರಡು ವರ್ಷ ತಾಳ್ಮೆ ಬೇಕು."

ಹೆಂಡತಿ ಸನಿಯ್ಯಾ ತಂತಿ ನೋಡಿ ಹಣೆ ಚಚ್ಚಿಕೊಂಡಳು. "ಮಗಳ ಮದುವೆ ಮಾಡೋ ವಯಸ್ಸಲ್ಲಿ ನಿಮಗ್ಯಾಕ್ರೀ ಈ ಶೋಕಿ?"

"ಶೋಕಿಯಲ್ಲ ಕಣೇ, ಚಿಕಿತ್ಸೆ!"

"ಮೊದಲು ಆ ಸೊಪ್ಪು ತೆಗೀರಿ, ಹಲ್ಲಲ್ಲಿ ತೋಟ ಬೆಳೆದಿದೆ." (ಆ ದಿನ ಮುಲೂಖಿಯಾ ಸೊಪ್ಪಿನ ಸಾರು ಮಾಡಿದ್ದು ಅವಳೇ.)

ಮೇಷ್ಟರು ಊಟ ಬಿಟ್ಟು ಉಳಿದ ಹೊತ್ತೆಲ್ಲ ರಬ್ಬರ್ ತೊಟ್ಟರು. ಒಮ್ಮೆ ತರಗತಿಯಲ್ಲಿ ಸೂಯೆಜ್ ಕಾಲುವೆ ತೋರಿಸುತ್ತಿದ್ದಾಗ ಅದು ಕಳಚಿ ಹಾರಿ ನಕಾಶೆಯ ಸುಡಾನಿಗೆ ಅಂಟಿತು. "ಗಡಿ ದಾಟ್ತು ಸಾರ್!" ಎಂದು ತರಗತಿಯೇ ಕೂಗಿತು. ಅವರು ಅದಕ್ಕೂ ಜಗ್ಗಲಿಲ್ಲ.

ಎರಡು ವರ್ಷಕ್ಕೆ ಹಲ್ಲುಗಳು ತಂತಮ್ಮ ಜಾಗಕ್ಕೆ ಬಂದವು. ತಂತಿ ಬಿಚ್ಚಿದ ದಿನ ಮೇಷ್ಟರು ಅಂಗಡಿಯೆದುರು ನಿಂತೇ ಬಿಸಿ ರೊಟ್ಟಿಯನ್ನು ಮುಂದಿನ ಹಲ್ಲಿಂದ ಕಚ್ಚಿದರು. ಕಣ್ಣು ತುಂಬಿ ಬಂತು.

ಆ ಬೇಸಿಗೆಯಲ್ಲಿ ತಾಂತಾ ಊರಿಂದ ಅತ್ತೆ ಮನೆಮಂದಿಯೊಂದಿಗೆ ಬಂದರು. ಯಾವಾಗಲೂ ಚಹಾ ಕುಡಿದು ಹತ್ತು ನಿಮಿಷಕ್ಕೆ ಏಳುತ್ತಿದ್ದ ಅತ್ತೆ ಈ ಸಲ ಅಳಿಯನ ಮುಖವನ್ನೇ ನೋಡುತ್ತ ಕುಳಿತರು.

"ಅಲ್ಲಪ್ಪಾ, ಇಪ್ಪತ್ತು ವರ್ಷ ನಾವು ಬಂದಾಗೆಲ್ಲ ಮುಖ ಗಂಟು ಹಾಕ್ಕೋತೀಯ ಅಂದ್ಕೊಂಡಿದ್ವಿ. ಅದಕ್ಕೇ ಸಮುದ್ರ ನೋಡೋಕೆ ಬಂದ್ರೂ ಬಾಡಿಗೆ ರೂಮಲ್ಲಿ ಇಳೀತಿದ್ವಿ. ಅದು ಬರೀ ಹಲ್ಲಾ?"

ಮರುದಿನವೇ ರೂಮು ಖಾಲಿಯಾಯಿತು. ಅತ್ತೆ, ಇಬ್ಬರು ಭಾವಮೈದುನರು, ಅವರ ಹೆಂಡಿರು, ಐದು ಮಕ್ಕಳು, ಎಲ್ಲರೂ ಪೆಟ್ಟಿಗೆ ಸಮೇತ ಮೇಷ್ಟರ ಮನೆ ಸೇರಿದರು. ಮೂರು ವಾರದ ಮೇಲೂ ಯಾರೂ ಹೊರಡುವ ಮಾತೆತ್ತಲಿಲ್ಲ. ಮಲಗಲು ಮೇಷ್ಟರಿಗೆ ಬಾಲ್ಕನಿ ಮಾತ್ರ ಉಳಿದಿತ್ತು.

ಕೊನೆಗೊಂದು ಬೆಳಿಗ್ಗೆ ಅವರು ಅತ್ತೆಯ ಎದುರು ಕೂತು ಕೆಳದವಡೆಯನ್ನು ಮೊದಲಿನಂತೆ ಇರಲೆಂದು ಶಕ್ತಿಮೀರಿ ಮುಂದಕ್ಕೆ ನೂಕಿದರು. ತುಟಿ ಅಗಲವಾಯಿತು, ಹೊಸ ಹಲ್ಲುಸಾಲು ಫಳಫಳ ಹೊಳೆಯಿತು.

"ಸನಿಯ್ಯಾ, ನೋಡೇ ಇಲ್ಲಿ!" ಅತ್ತೆ ಅಡುಗೆಮನೆಗೆ ಕೇಳುವಂತೆ ಕೂಗಿದರು. "ನಾವಿದ್ದೀವಿ ಅಂತ ಅಳಿಯಂಗೆ ನಗು ತಡಿಯೋಕೇ ಆಗ್ತಿಲ್ಲ! ನಿನ್ನ ಚಿಕ್ಕಮ್ಮನಿಗೂ ಬರೋಕೆ ಹೇಳು."