ಗರಾಜು ಕಂಪನಿಯ ದ್ವಾರಕಾನಾಥ

ದ್ವಾರಕಾನಾಥ ಸ್ವಂತ ಕಂಪನಿ ಶುರು ಮಾಡಿದ್ದಾನೆ ಎಂಬ ಸುದ್ದಿ ಅಮೆರಿಕದ ಕ್ಯುಪರ್ಟಿನೋ ಊರಿನ ಕನ್ನಡಿಗರಿಗೆಲ್ಲ ಗೊತ್ತಿತ್ತು. ಅಂಥ ಕಂಪನಿಯೇ ಇಲ್ಲ ಎಂಬ ಸುದ್ದಿ ಮಾತ್ರ ಅವನನ್ನೂ ಅವನ ಹೆಂಡತಿ ಪದ್ಮಜಳನ್ನೂ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ.

ಎಲ್ಲಕ್ಕೂ ಕಾರಣ ಪಾತ್ರೆಗಳು. ಕೆಲವು ವರ್ಷಗಳ ಹಿಂದೆ ಕನ್ನಡ ಬಳಗದವರು ಊರಿನಿಂದ ಹಡಗಿನಲ್ಲಿ ತರಿಸಿದ ಅಡುಗೆಯ ದೊಡ್ಡ ಪಾತ್ರೆಗಳನ್ನು "ಯುಗಾದಿ ಮುಗಿಯೋವರೆಗೂ ಇರ್ಲಿ" ಎಂದು ಅವನ ಗರಾಜಿನಲ್ಲಿ ಇಟ್ಟು ಹೋಗಿದ್ದರು. ಯಾವ ಯುಗಾದಿ ಎಂದು ಅವರು ಹೇಳಲಿಲ್ಲ, ಇವನೂ ಕೇಳಲಿಲ್ಲ. ಪಾತ್ರೆಗಳ ಹಿಂದೆಯೇ ನಾಟಕದ ಸಿಂಹಾಸನ ಬಂತು, ಗದೆ ಬಂತು, ಅರಮನೆ ಬರೆದ ಪರದೆ ಬಂತು. ಕಾರು ಮಾತ್ರ ಬೀದಿಗೆ ಬಂತು.

ದ್ವಾರಕಾನಾಥನಿಗೆ ಇದು ಕಾರಿನ ಪ್ರಶ್ನೆಯಾಗಿರಲಿಲ್ಲ, ಬದುಕಿನ ಪ್ರಶ್ನೆಯಾಗಿತ್ತು. ಅವನು ಒಂದು ಚಿಪ್ ಕಂಪನಿಯಲ್ಲಿ ಇಂಜಿನಿಯರು. ಅವನ ಜೊತೆ ಊಟ ಮಾಡುತ್ತಿದ್ದವರು ಒಬ್ಬೊಬ್ಬರಾಗಿ ಕೆಲಸ ಬಿಟ್ಟು ತಮ್ಮ ತಮ್ಮ ಗರಾಜುಗಳಲ್ಲಿ ಕಂಪನಿ ತೆರೆದು, ಪತ್ರಿಕೆಗಳಲ್ಲಿ ಹಲ್ಲು ಕಿರಿಯುತ್ತಿದ್ದರು. "ಈ ಊರಲ್ಲಿ ಕಂಪನಿ ಹುಟ್ಟೋದೇ ಗರಾಜಲ್ಲಿ ಕಣೇ. ನಮ್ಮ ಗರಾಜು ಖಾಲಿ ಇದ್ದಿದ್ರೆ ನಾನೂ ಇಷ್ಟೊತ್ತಿಗೆ..." ಎಂದು ಅವನು ಪ್ರತಿ ಭಾನುವಾರ ನಿಟ್ಟುಸಿರು ಬಿಡುತ್ತಿದ್ದ. ಕೊನೆಗೆ, ಎಲ್ಲರೂ ಒಂದೊಂದು ಅಡುಗೆ ತಂದು ಹಂಚಿ ಉಣ್ಣುವ ಒಂದು ಪಾಟ್‌ಲಕ್ಕಿನಲ್ಲಿ, ಹೀಗೆ ಹೇಳಿದರಾದರೂ ಪಾತ್ರೆ ಎತ್ತಿಯಾರು ಎಂಬ ಆಸೆಯಿಂದ, ಬಳಗದ ಅಧ್ಯಕ್ಷ ದೇವೇಂದ್ರಪ್ಪನವರ ಕಿವಿಯಲ್ಲಿ "ಸರ್, ಗರಾಜಲ್ಲಿ ಕಂಪನಿ ಶುರು ಮಾಡಿದೀನಿ, ಜಾಗ ಸಾಲ್ತಿಲ್ಲ" ಎಂದುಬಿಟ್ಟ. ಧಾರವಾಡದ ದೇವೇಂದ್ರಪ್ಪನವರ ಎದೆ ಹೆಮ್ಮೆಯಿಂದ ಉಬ್ಬಿತು. ಅವರು ಪಾತ್ರೆಯನ್ನು ಮರೆತು ಕಂಪನಿಯನ್ನಷ್ಟೇ ನೆನಪಿಟ್ಟುಕೊಂಡರು.

ಶನಿವಾರ ಬೆಳಿಗ್ಗೆ ಕಾಫಿಯ ಹೊತ್ತಿಗೆ ಫೋನು ಬಂತು.

"ದ್ವಾರಕಾ, ಇವತ್ತ ಮಧ್ಯಾಹ್ನ ನಿಮ್ಮ ಮನಿಗೆ ಮಂದಿ ಬರತಾರಪಾ. ಆಫ್ರಿಕಾದ ಹುಡುಗ್ರು, ಹುಡುಗ್ಯಾರು. ತಮ್ಮ ತಮ್ಮ ದೇಶದಾಗ ಸ್ವಂತ ಉದ್ಯೋಗ ನಡಸೂ ಮಂದಿ. ಇಲ್ಲಿ ಲೀಡರ್‌ಶಿಪ್ ಟ್ರೇನಿಂಗಿಗೆ ಬಂದಾರ. ಗರಾಜಿನಾಗ ಹುಟ್ಟಿದ ಕಂಪನಿ ಒಂದ ನೋಡಬೇಕಂತ. ನಮ್ಮಾಂವ ಒಬ್ಬ ಅದಾನ ಅಂತ ನಾ ಎದಿ ತಟ್ಟಿ ಹೇಳೇನಿ!"

"ಸರ್, ಅದು ಏನಂದ್ರೆ..."

"ಸಂಕೋಚ ಬ್ಯಾಡ. ಕನ್ನಡಿಗರ ಮಾನ ನಿನ್ನ ಕೈಯಾಗ ಐತಿ." ಫೋನು ಇಟ್ಟ ಸದ್ದಾಯಿತು.

ಪದ್ಮಜಾ ದೋಸೆ ಮಗುಚುವುದನ್ನು ನಿಲ್ಲಿಸಿ ಗಂಡನ ಮುಖ ನೋಡಿದಳು. "ಇಲ್ಲ ಅನ್ನೋ ಎರಡಕ್ಷರ ನಿಮ್ಮ ಬಾಯಲ್ಲಿ ಬರೋದೇ ಇಲ್ವಲ್ಲ ರೀ. ಈಗ ಏನು ತೋರಿಸ್ತೀರಿ? ಹುಳಿ ಕುದಿಸೋ ಕೊಳದಪ್ಪಲೇನಾ?"

"ಪರದೆ ಇದೆಯಲ್ಲ" ಎಂದ ದ್ವಾರಕಾನಾಥ.

ಪಾತ್ರೆಗಳನ್ನೆಲ್ಲ ಗೋಡೆಗೆ ಒತ್ತಿ ಪೇರಿಸಿ, ಅವುಗಳ ಮುಂದೆ ಅರಮನೆಯ ಪರದೆ ಕಟ್ಟಿದ. ಪರದೆಯ ಮುಂದೆ ಊಟದ ಮೇಜು ತಂದಿಟ್ಟ. ಮೇಜಿನ ಮೇಲೆ ಏನಾದರೂ ಯಂತ್ರ ಬೇಕಲ್ಲ? ಮನೆಯ ವಿಸಿಆರ್ ಬಿಚ್ಚಿ ಅದರ ಕರುಳು ಹೊರಗೆ ಹರಡಿದ. ಊರಿನಿಂದ ಬಂದಿದ್ದ, ತನ್ನ ತಂಗಿಯ ಮದುವೆಯ ವೀಡಿಯೋ ಕ್ಯಾಸೆಟ್ಟು ಅದರೊಳಗೇ ಸಿಕ್ಕಿಕೊಂಡಿರುವುದನ್ನು ಕಂಡು ಪದ್ಮಜಾ ಮಾತು ಬಿಟ್ಟಳು. ಅವಳು ಮಾತಾಡಿದ್ದರೆ ಅವನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಹೇಳಿದ ಹೊತ್ತಿಗೆ ಸರಿಯಾಗಿ ವ್ಯಾನು ಬಂತು. ಮುಂದೆ ಕೋಟು ತೊಟ್ಟ ದೇವೇಂದ್ರಪ್ಪ. ಅವರ ಜೊತೆ, ಮಗನ ಮನೆಗೆ ಬಂದಿದ್ದ ಅವರ ತಾಯಿ ಕಮಲವ್ವ. ಅವರ ಹಿಂದೆ ಪಕ್ಕದ ಊರು ಸನಿವೇಲಿನಲ್ಲಿ ಇಂಡಿಯನ್ ಗ್ರೋಸರಿ ಅಂಗಡಿ ನಡೆಸುವ ಪ್ರಭಾ, ಎರಡು ಟ್ರೇ ಸಮೋಸಾ ಹಿಡಿದುಕೊಂಡು. ಆಮೇಲೆ ಅತಿಥಿಗಳು ಇಳಿದರು. ಎಲ್ಲರೂ ಇಪ್ಪತ್ತರ ಆಸುಪಾಸಿನವರು. ನಿಂತ ಭಂಗಿಯಲ್ಲೇ ಒಂದು ಗತ್ತು. ಘಾನಾದ ಕುಮಾಸಿಯಲ್ಲಿ ಶಾಲಾ ಮಕ್ಕಳ ಯೂನಿಫಾರ್ಮು ಹೊಲಿಸುವ ಅಬೇನಾ ಎಲ್ಲರಿಗಿಂತ ಮುಂದೆ ಬಂದು ಕೈ ಕುಲುಕಿದಳು. ಟಾಂಜಾನಿಯಾದ ಅರುಷಾದಲ್ಲಿ ರೇಡಿಯೋ, ಟೀವಿ ರಿಪೇರಿ ಅಂಗಡಿ ಇಟ್ಟಿದ್ದ ಬರಾಕಾ ಬಂದವನೇ ಮೇಜಿನ ಕಡೆ ನಡೆದ. ಅವರ ಮಾತೆಲ್ಲ ಇಂಗ್ಲಿಷಿನಲ್ಲಿ ನಡೆಯಿತು.

"ಇದೇ ನಿಮ್ಮ ಹೊಸ ಯಂತ್ರವೇ?" ಬರಾಕಾ ಬಗ್ಗಿ ನೋಡಿದ.

"ಹೌದು. ಇನ್ನೂ ಗುಟ್ಟಾಗಿದೆ" ಎಂದ ದ್ವಾರಕಾನಾಥ, ಹಣೆಯ ಬೆವರು ಒರೆಸಿಕೊಳ್ಳುತ್ತ.

"ಒಳಗೆ ಯಾರದೋ ಮದುವೆ ಸಿಕ್ಕಿಹಾಕಿಕೊಂಡಿದೆ" ಎಂದ ಬರಾಕಾ, ಕ್ಯಾಸೆಟ್ಟಿನ ಮೇಲಿನ ಇಂಗ್ಲಿಷ್ ಚೀಟಿ ಓದಿ, ಬಹಳ ವಿನಯದಿಂದ. "ನನ್ನ ಅಂಗಡಿಗೂ ಇಂಥವು ಬರುತ್ತವೆ. ಬಿಡಿಸಿ ಕೊಡಲೇ?"

ದೇವೇಂದ್ರಪ್ಪನವರಿಗೆ ಅದು ಕೇಳಿಸಲಿಲ್ಲ. ಅವರು ಆಗಲೇ ಭಾಷಣ ಶುರು ಮಾಡಿದ್ದರು. ಕರ್ನಾಟಕದ ಇತಿಹಾಸದಿಂದ ಹೊರಟು, ಸಮುದ್ರ ದಾಟಿ, ದ್ವಾರಕಾನಾಥನ ಗರಾಜಿನವರೆಗೆ ಬರುವಷ್ಟರಲ್ಲಿ ಆವೇಶ ಹೆಚ್ಚಾಗಿ, "ಇದೋ ನೋಡ್ರಿ!" ಎಂದು ಕೈ ಬೀಸಿದರು. ಕೈ ಪರದೆಗೆ ತಗುಲಿತು. ಅರಮನೆ ಕುಸಿದು ಅವರ ತಲೆಯ ಮೇಲೆ ಬಿತ್ತು. ಹಿಂದಿದ್ದ ಪಾತ್ರೆಗಳ ಗೋಪುರ ಒಮ್ಮೆ ಓಲಾಡಿ, ಸಿಡಿಲು ಬಡಿದ ಸದ್ದು ಮಾಡುತ್ತ ಉರುಳಿತು. ಎಲ್ಲಕ್ಕಿಂತ ದೊಡ್ಡ ಹಂಡೆ ಗರಾಜಿನಿಂದ ಹೊರಬಿದ್ದು, ಇಳಿಜಾರಿನಲ್ಲಿ ಬೀದಿಗೆ ಓಡಿತು.

ಎದುರು ಮನೆಯ ನಾಯಿ ಹಂಡೆಯ ಹಿಂದೆ, ನಾಯಿಯ ಹಿಂದೆ ಬರಾಕಾ, ಅವನ ಹಿಂದೆ "ಬಿಡಿ, ಬಿಡಿ, ಅದು ನಮ್ದಲ್ಲ!" ಎಂದು ಕೂಗುತ್ತ ದ್ವಾರಕಾನಾಥ. ಬರಾಕಾ ತಿರುವಿನಲ್ಲಿ ಹಂಡೆಯನ್ನು ತಬ್ಬಿ ನಿಲ್ಲಿಸಿ, ಹೆಗಲ ಮೇಲೆ ಹೊತ್ತು ತಂದ. ಬೀದಿಯ ಇಕ್ಕೆಲದಲ್ಲೂ ಜನ ಬಾಗಿಲಿಗೆ ಬಂದಿದ್ದರು. ಕೆಲವರು ಚಪ್ಪಾಳೆಯನ್ನೂ ತಟ್ಟಿದರು.

ಇಬ್ಬರೂ ಗರಾಜಿಗೆ ವಾಪಸು ಬಂದರು. ಪರದೆಯೊಳಗಿನಿಂದ ತಲೆ ಹೊರಹಾಕಿದ ದೇವೇಂದ್ರಪ್ಪ ಪಾತ್ರೆಗಳನ್ನೂ ದ್ವಾರಕಾನಾಥನನ್ನೂ ಸರದಿಯ ಮೇಲೆ ನೋಡುತ್ತಿದ್ದರು. ಕಮಲವ್ವ ಮಾತ್ರ ಕಾಲು ನೋಯುತ್ತದೆಂದು ನಾಟಕದ ಸಿಂಹಾಸನದಲ್ಲಿ ಕೂತುಬಿಟ್ಟಿದ್ದರು. ಅಬೇನಾ ಅವರ ಮುಂದೆ ಮಂಡಿ ಬಗ್ಗಿಸಿ ವಂದಿಸಿ, "ನಮ್ಮೂರಿನ ರಾಜಮಾತೆಯೂ ಹೀಗೇ ಕೂರುತ್ತಾರೆ" ಎಂದಳು.

"ಏನಂತದ ಕೂಸು?" ಎಂದರು ಕಮಲವ್ವ. ಪದ್ಮಜಾ ಅರ್ಥ ಹೇಳಿದಳು. ಮುದುಕಿ ಸೆರಗು ಸರಿಮಾಡಿಕೊಂಡು ಇನ್ನೂ ನೆಟ್ಟಗೆ ಕೂತರು. "ನನ್ನ ಸೊಸ್ತ್ಯಾರಿಗೆ ಇಷ್ಟ ವರ್ಷದಾಗ ತಿಳೀಲಾರದ್ದು ಈಕಿಗೆ ಒಂದ ಗಳಿಗ್ಯಾಗ ತಿಳೀತು ನೋಡು!"

ಅಬೇನಾ ಒಂದು ಪಾತ್ರೆ ಎತ್ತಿ, ಅಂಚಿನ ಮೇಲೆ ಕೊರೆಸಿದ್ದ ಕನ್ನಡ ಅಕ್ಷರಗಳ ಮೇಲೆ ಬೆರಳಾಡಿಸಿದಳು. "ಪ್ರತಿಯೊಂದರ ಮೇಲೂ ಕಂಪನಿಯ ಹೆಸರೇ?"

ಅದು 'ಗೌರಮ್ಮನವರ ಜ್ಞಾಪಕಾರ್ಥ' ಎಂದಿತ್ತು. ಮಾನದ ಪ್ರಶ್ನೆ ಬಂದಾಗ ದೇವೇಂದ್ರಪ್ಪ ಹಿಂದೆಗೆಯುವವರಲ್ಲ. "ಯೆಸ್!" ಎಂದರು.

"ಹಾಗಾದರೆ ಇದೇ ನಿಮ್ಮ ಉದ್ಯೋಗ! ನಮ್ಮಲ್ಲಿ ಹಬ್ಬಕ್ಕೆ, ಸಾವಿಗೆ ಕುರ್ಚಿ, ಚಪ್ಪರ, ಪಾತ್ರೆ ಬಾಡಿಗೆಗೆ ಕೊಟ್ಟೇ ಎಷ್ಟೋ ಹೆಂಗಸರು ಮನೆ ಕಟ್ಟಿದ್ದಾರೆ. ಇವನ್ನು ಯಾರು ಒಯ್ಯುತ್ತಾರೆ?"

ದ್ವಾರಕಾನಾಥ ಬಾಯಿ ತೆರೆದ. ಉತ್ತರ ಪದ್ಮಜಳ ಬಾಯಿಂದ ಬಂತು. ನಾಮಕರಣಕ್ಕೆ ಯಾರು ಒಯ್ಯುತ್ತಾರೆ, ತೆಲುಗರು ಯಾವ ಹಬ್ಬಕ್ಕೆ ಕೇಳುತ್ತಾರೆ, ಯಾರು ತಳ ಹೊತ್ತಿಸಿ ತರುತ್ತಾರೆ, ಎಲ್ಲವನ್ನೂ ಹೇಳಿದಳು. ಇಷ್ಟು ವರ್ಷ ಬಾಗಿಲು ತೆಗೆದು ಕೊಟ್ಟು, ತಿರುಗಿ ಎಣಿಸಿ ಇಟ್ಟುಕೊಂಡವಳು ಅವಳೇ.

"ಒಯ್ದವರು ತಿರುಗಿ ತರದಿದ್ದರೆ?" ಬರಾಕಾ ಕೇಳಿದ.

"ಅವರ ಪ್ರೆಶರ್ ಕುಕ್ಕರಿನ ವೆಯ್ಟು ನನ್ನ ಹತ್ರ ಒತ್ತೆ ಇರುತ್ತೆ. ಈ ದೇಶದಲ್ಲಿ ಇನ್ನೊಂದು ಸಿಕ್ಕಲ್ಲ. ಅದಿಲ್ಲದೆ ಯಾರ ಮನೇಲೂ ಬೇಳೆ ಬೇಯಲ್ಲ" ಎಂದಳು ಪದ್ಮಜಾ.

ಆಫ್ರಿಕಾದ ತರುಣರು ಗರಾಜಿನ ತಗಡು ನಡುಗುವಂತೆ ಚಪ್ಪಾಳೆ ತಟ್ಟಿದರು. ಅಬೇನಾ ಪದ್ಮಜಳ ಎರಡೂ ಕೈ ಹಿಡಿದುಕೊಂಡಳು. "ಮೂರು ವಾರದಿಂದ ನಾಯಕತ್ವದ ಪಾಠ ಕೇಳುತ್ತಿದ್ದೇವೆ. ಇದನ್ನು ಯಾರೂ ಹೇಳಿಕೊಡಲಿಲ್ಲ. ನಾನು ಅತ್ತೆಯ ಜಗಲಿಯ ಮೇಲೆ ಒಂದೇ ಹೊಲಿಗೆ ಯಂತ್ರ ಇಟ್ಟುಕೊಂಡು ಶುರು ಮಾಡಿದೆ. ಇವತ್ತು ನಮ್ಮೂರಿನ ಶಾಲೆಗೆ ಹೋಗುವ ಮಕ್ಕಳ ಮೈಮೇಲೆ ನನ್ನ ಬಟ್ಟೆ ಇದೆ. ನೀವು ಆಗಲೇ ಶುರು ಮಾಡಿಬಿಟ್ಟಿದ್ದೀರಿ, ಬಾಡಿಗೆ ಕೇಳುವುದನ್ನು ಮಾತ್ರ ಮರೆತಿದ್ದೀರಿ. ಇನ್ನೊಂದು ಮಾತು. ಗಿರಾಕಿ ಬಾರದ ಜಾಗದಲ್ಲಿ ಸರಕು ಇಡಬೇಡಿ."

"ನಮ್ಮಂಗಡಿ ಹಿಂದಿನ ರೂಮು ಖಾಲಿ ಇದೆ ಕಣ್ರೀ" ಎಂದಳು ಪ್ರಭಾ. "ಬೇಳೆ ತಗೊಳ್ಳೋಕೆ ಬಂದೋರು ಪಾತ್ರೇನೂ ತಗೊಂಡ್ಹೋಗ್ತಾರೆ."

"ಬಳಗದ ಪಾತ್ರಿ, ಬಳಗಕ್ಕ ಆದಾಯ! ಪದ್ಮಜವ್ವ ಮ್ಯಾನೇಜರು!" ದೇವೇಂದ್ರಪ್ಪ ಅಲ್ಲೇ ಘೋಷಿಸಿದರು. ಪದ್ಮಜಳ ಮುಖ ಅಷ್ಟು ಬೆಳಗಿದ್ದನ್ನು ದ್ವಾರಕಾನಾಥ ಮದುವೆಯ ದಿನವೂ ನೋಡಿರಲಿಲ್ಲ. ಅವನಿಗೂ ನಿಜವಾಗಿ ಹೆಮ್ಮೆಯಾಯಿತು.

ಅದಕ್ಕಿಂತ ಹೆಚ್ಚಿನ ಸಂತೋಷ ಮುಂದಿತ್ತು. ಅತಿಥಿಗಳು ತೋಳೇರಿಸಿ ನಿಂತರು. ಪಾತ್ರೆ, ಸಿಂಹಾಸನ, ಗದೆ ಎಲ್ಲ ಕೈಯಿಂದ ಕೈಗೆ ದಾಟಿ ವ್ಯಾನು ಸೇರಿದವು. ಸಿಂಹಾಸನದಿಂದ ಕಮಲವ್ವನನ್ನು ಇಳಿಸುವುದೊಂದೇ ಕಷ್ಟವಾಯಿತು. ಹೊರಡುವ ಮುಂಚೆ ಬರಾಕಾ ಮದುವೆಯ ಕ್ಯಾಸೆಟ್ಟನ್ನು ಬಿಡಿಸಿ ಪದ್ಮಜಳ ಕೈಗಿಟ್ಟ. ಅಬೇನಾ ದ್ವಾರಕಾನಾಥನ ಕೈ ಕುಲುಕಿದಳು.

"ನಿಮ್ಮ ಕಂಪನಿಗೆ ಈಗ ಜಾಗವಾಯಿತು. ಊರಿಗೆ ಹೊರಡುವ ಮುಂಚಿನ ಶನಿವಾರ ಮತ್ತೆ ಬರುತ್ತೇವೆ. ಆ ಗುಟ್ಟಿನ ಯಂತ್ರ ತೋರಿಸಬೇಕು."

"ತೋರಸ್ತಾನ! ಟೀವಿಯವರನ್ನೂ ಕರಸ್ತೇನಿ!" ಎಂದರು ದೇವೇಂದ್ರಪ್ಪ.

ವ್ಯಾನು ಹೋಯಿತು. ದ್ವಾರಕಾನಾಥ ಗರಾಜನ್ನು ಗುಡಿಸಿದ, ತೊಳೆದ. ಖಾಲಿ ಗರಾಜು ಇಷ್ಟು ದೊಡ್ಡದೆಂದು ಅವನಿಗೆ ಗೊತ್ತೇ ಇರಲಿಲ್ಲ. ಮೇಜನ್ನು ನಟ್ಟನಡುವೆ ಇಟ್ಟ, ದೀಪ ಹಾಕಿದ, ತಂತಿ ಬೆಸೆಯುವ ಸಾಲ್ಡರಿಂಗ್ ಕಡ್ಡಿ ಬಿಸಿಗಿಟ್ಟ. ಕುರ್ಚಿ ಎಳೆದುಕೊಂಡು ಕೂತ. ಇಷ್ಟು ವರ್ಷ ಕಾದ ಗಳಿಗೆ ಬಂದಿತ್ತು.

ಏನು ಮಾಡುವುದು?

ಒಂದು ಯೋಚನೆಯೂ ಹೊಳೆಯಲಿಲ್ಲ. ಎಡಕ್ಕೆ ತಿರುಗಿ ಕೂತ, ಬಲಕ್ಕೆ ತಿರುಗಿ ಕೂತ. ಕಡ್ಡಿ ಕಾದು ಕಾದು ಹೊಗೆಯಾಡಿತು. ಇಷ್ಟು ವರ್ಷವೂ ಜಾಗವಿಲ್ಲ, ಜಾಗವಿಲ್ಲ ಎಂದು ಕೊರಗಿದ್ದನೇ ಹೊರತು, ಜಾಗ ಸಿಕ್ಕರೆ ಏನು ತಯಾರಿಸುತ್ತೇನೆ ಎಂದು ಅವನು ಒಂದು ದಿನವೂ ಯೋಚಿಸಿರಲಿಲ್ಲ. ಬೀದಿಯಲ್ಲಿ ಹೋಗುತ್ತಿದ್ದ ಎದುರು ಮನೆಯವನು ಇಣುಕಿ ನೋಡಿ, ಹೆಬ್ಬೆರಳು ಎತ್ತಿ ಶುಭ ಹಾರೈಸಿದ. ದ್ವಾರಕಾನಾಥ ಕಡ್ಡಿಯ ಸ್ವಿಚ್ ಆರಿಸಿದ. ಅವನು ಎದ್ದು ಹೋಗಿ ದೇವೇಂದ್ರಪ್ಪನವರಿಗೆ ಫೋನು ಮಾಡಿದ.

"ಸರ್, ಯೋಚನೆ ಮಾಡಿದೆ. ಬಳಗದ ಸೇವೆ ಮುಖ್ಯ. ಒಂದಷ್ಟು ಪಾತ್ರೆ ಇಲ್ಲೇ ಇಟ್ಕೋತೀನಿ. ದೊಡ್ಡವೇ ಇರ್ಲಿ, ಪರವಾಗಿಲ್ಲ."

"ಛೇ ಛೇ! ನಿನ್ನ ಗರಾಜಿನಾಗ ಇನ್ನ ಒಂದ ಚಮಚಾನೂ ಇಡಬಾರದಂತ ಈಗಷ್ಟ ಕಮಿಟಿ ಮಂದಿಗೆಲ್ಲ ಫೋನ್ ಹಚ್ಚಿ ಠರಾವ್ ಪಾಸ್ ಮಾಡಿಸೇನಿ. ಪಾತ್ರಿ ಬೇಕಂದ್ರ ನನ್ನ ಕೇಳಬ್ಯಾಡಪಾ, ಮ್ಯಾನೇಜರ್‌ನ ಕೇಳು."

ಮ್ಯಾನೇಜರು ಅಡುಗೆಮನೆಯಲ್ಲೇ ಇದ್ದಳು. ಸಂಜೆಯಿಂದ ಅವಳಿಗೆ ಫೋನಿನ ಮೇಲೆ ಫೋನು ಬರುತ್ತಿತ್ತು. ಪ್ರಭಾ ಅಂಗಡಿಗೆ ಬಂದವರಿಗೆಲ್ಲ ಸುದ್ದಿ ಹಂಚಿದ್ದಳು. ದ್ವಾರಕಾನಾಥ ಕೆಮ್ಮಿದ, ತಲೆ ಕೆರೆದುಕೊಂಡ, ವಿಷಯ ಹೇಳಿದ.

"ದೀಪಾವಳಿವರೆಗೂ ಎಲ್ಲಾ ಬುಕ್ಕಾಗಿದೆ ರೀ" ಎಂದಳು ಪದ್ಮಜಾ, ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಕೂತವಳ ಗತ್ತಿನಲ್ಲಿ. "ಆಮೇಲೆ ಬೇಕಾದ್ರೆ ನೋಡೋಣ. ಬಾಡಿಗೆ ಮಾತ್ರ ಮುಂಗಡ. ಯಾವ ಹೆಸರಲ್ಲಿ ಬರ್ಕೊಳ್ಲಿ, ನಿಮ್ಮ ಕಂಪನಿ ಹೆಸರೇನು?"

ದ್ವಾರಕಾನಾಥ ಅದನ್ನೂ ಯೋಚಿಸಿರಲಿಲ್ಲ.