ಕ್ಯಾಸಿನೋದಲ್ಲಿ ವರಪರೀಕ್ಷೆ

ಹೆಣ್ಣು ನೋಡುವ ಶಾಸ್ತ್ರದಲ್ಲಿ ಹುಡುಗಿಗೆ ಬೇಕಾದಷ್ಟು ಪರೀಕ್ಷೆಗಳಿವೆ. ಹಾಡಬೇಕು, ಕಾಫಿ ತಟ್ಟೆಯನ್ನು ತುಳುಕಿಸದೆ ತರಬೇಕು, ತಲೆ ತಗ್ಗಿಸಬೇಕು, ಆದರೆ ಮಂಕುಬಡಿದವಳಂತೆ ಕಾಣಬಾರದು. ಹುಡುಗನಿಗೆ ಮಾತ್ರ ಏನೂ ಇಲ್ಲ. ಸಂಬಳ ಎಷ್ಟು, ಗ್ರೀನ್ ಕಾರ್ಡ್ ಎಲ್ಲಿಗೆ ಬಂತು ಎಂದು ಕೇಳುತ್ತಾರೆ. ಎರಡಕ್ಕೂ ತೊದಲದೆ ಉತ್ತರ ಕೊಟ್ಟರೆ ಸದ್ಗುಣಿ ಎಂದು ತೀರ್ಮಾನವಾಗುತ್ತದೆ. ಈ ಅನ್ಯಾಯವನ್ನು ಸರಿಪಡಿಸಿದ ಮೊದಲ ಮನೆತನ ನಮ್ಮದೇ ಇರಬೇಕು. ನಾವು ಹುಡುಗನನ್ನು ಕ್ಯಾಸಿನೋದಲ್ಲಿ ಕೂರಿಸಿ ನೋಡಿದೆವು. ಪರೀಕ್ಷಕ ನಾನು. ಆಗ ನನಗೆ ಹದಿನೆಂಟು ತುಂಬಿ ಇನ್ನೂ ಕೇಕಿನ ರುಚಿ ನಾಲಿಗೆಯಿಂದ ಹೋಗಿರಲಿಲ್ಲ.

ಪರೀಕ್ಷೆಗೆ ಕಾರಣ ಹುಡುಗನೇ. ನಮ್ಮಕ್ಕ ಹ್ಯೂಸ್ಟನ್ನಿನಲ್ಲಿ ಆಸ್ಪತ್ರೆಯ ಕೆಲಸದಲ್ಲಿದ್ದಾಳೆ, ಪಕ್ಕದ ಪೇರ್ಲ್ಯಾಂಡಿನಲ್ಲಿ ಮನೆ ಮಾಡಿದ್ದಾಳೆ, ಮತ್ತು ಇಡೀ ಟೆಕ್ಸಾಸಿನ ಕನ್ನಡ ಹುಡುಗರನ್ನು ಒಬ್ಬೊಬ್ಬರನ್ನಾಗಿ ಬೇಡವೆಂದು ಮುಗಿಸುತ್ತ ಬಂದಿದ್ದಳು. ಒಬ್ಬ ಜಾಸ್ತಿ ನಗುತ್ತಾನೆ, ಒಬ್ಬ ನಗುವುದೇ ಇಲ್ಲ, ಇನ್ನೊಬ್ಬ ಫೋನಿನಲ್ಲಿ ಮಾತಾಡುವಾಗ ಚಿಪ್ಸ್ ತಿನ್ನುತ್ತಾನೆ. ಅಂಥವಳು ಕ್ಯಾರಲ್ಟನ್ನಿನ ಶ್ರೀಧರ ಎಂಬ ಸಾಫ್ಟ್‌ವೇರ್ ಹುಡುಗನ ವಿಷಯದಲ್ಲಿ "ನೋಡಬಹುದು" ಅಂದುಬಿಟ್ಟಳು. ನಮ್ಮ ಮನೆಯಲ್ಲಿ ಇದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ. ಅಮ್ಮನ ಬಿಸಿಬೇಳೆಬಾತಿಗೂ ಅಪ್ಪ ಇಷ್ಟು ಕೊಟ್ಟಿಲ್ಲ. ಅಮ್ಮ ತುಪ್ಪದ ದೀಪ ಹಚ್ಚಿ, ಕನ್ನಡಕ ಹಾಕಿಕೊಂಡು ಹುಡುಗನ ವಿವರವನ್ನು ಇಂಟರ್ನೆಟ್ಟಿನಲ್ಲಿ ಓದಲು ಕೂತರು. ಹವ್ಯಾಸ ಎನ್ನುವ ಕಡೆ ಲೋಕದ ಎಲ್ಲ ಗಂಡುಗಳೂ ಪುಸ್ತಕ, ಸಂಗೀತ, ಪ್ರವಾಸ ಎಂದು ಬರೆಯುತ್ತಾರೆ. ಈ ಮಹಾನುಭಾವ "ತಿಂಗಳಿಗೊಮ್ಮೆ ಪೋಕರ್" ಎಂದು ಬರೆದಿದ್ದ.

"ಪೋಕರ್ ಅಂದ್ರೆ ಇಸ್ಪೀಟು ತಾನೆ?" ರಜೆಗೆ ಮನೆಗೆ ಬಂದಿದ್ದ ನನ್ನನ್ನು ಅಮ್ಮ ಕೇಳಿದರು. ಹೌದೆಂದೆ. "ರೀ, ಜೂಜುಕೋರನಿಗೆ ಮಗಳನ್ನ ಕೊಡೋದಾದ್ರೆ ನನ್ನನ್ನ ಮೈಸೂರಿಗೆ ಕಳಿಸಿಬಿಡಿ."

ಅಪ್ಪ ಮೈಸೂರಿನ ಟಿಕೆಟ್ಟಿನ ಬೆಲೆಯನ್ನು ಯೋಚಿಸಿದರೋ ಏನೋ, ತಾವೇ ಹುಡುಗನಿಗೆ ಫೋನ್ ಮಾಡಿದರು. ಶ್ರೀಧರ ಧಾರವಾಡದವನು. "ಹೌದ್ರಿ ಅಂಕಲ್, ಹೋಗ್ತೀನಿ. ದೊಡ್ಡ ಆಟ ಅಲ್ರಿ. ಒಂದು ಸಿನಿಮಾಕ್ಕ, ಊಟಕ್ಕ ಆಗೋವಷ್ಟು ರೊಕ್ಕ ಇಟ್ಕೊಂಡು ಹೋಗೋದು, ಅದು ಮುಗದ್ರ ಮನಿಗೆ ಬರೋದು. ಬೇಕಾದ್ರ ನೀವೂ ಒಮ್ಮೆ ಬರ್ರಿ, ನೋಡೀರಂತ" ಅಂದ. ಇದು ಬಾಯುಪಚಾರದ ಮಾತು. ಯಾರಾದರೂ "ನಮ್ಮನೆಗೆ ಬನ್ನಿ" ಅಂದರೆ "ಖಂಡಿತ" ಅಂದು ಬರದೇ ಇರುವುದು ನಮ್ಮಲ್ಲಿ ಮರ್ಯಾದೆ. ಆದರೆ ಅಪ್ಪ ಎಣ್ಣೆ ಕಂಪನಿಯಲ್ಲಿ ವಾಲ್ವ್ ಪರೀಕ್ಷೆ ಮಾಡುವ ಇಂಜಿನಿಯರು. "ಯಾವ ಶನಿವಾರ?" ಅಂದರು.

ಫೋನಿಟ್ಟು ನಮಗೆ ವಿವರಿಸಿದರು. "ಸುಮ್ನೆ ಇಟ್ಟಾಗ ಎಲ್ಲ ವಾಲ್ವೂ ಒಳ್ಳೇದೇ. ಪ್ರೆಷರ್ ಕೊಟ್ಟಾಗ ಎಲ್ಲಿ ಸೋರುತ್ತೆ ಅನ್ನೋದು ಗೊತ್ತಾಗೋದು. ಇವನು ನಮ್ಮನೆ ಸೋಫಾ ಮೇಲೆ ಕೂತು ಉಪ್ಪಿಟ್ಟು ತಿಂದ್ರೆ ನನಗೇನು ಗೊತ್ತಾಗುತ್ತೆ? ಆಡಲಿ, ಸೋಲಲಿ. ಆಗ ನೋಡೋಣ." ಆದರೆ ಅಪ್ಪನಿಗೆ ಇಸ್ಪೀಟಿನಲ್ಲಿ ಕೆಂಪು, ಕಪ್ಪು ಎರಡು ಬಣ್ಣ ಇವೆ ಎಂಬುದರಾಚೆ ಏನೂ ತಿಳಿಯದು. ತಜ್ಞರೊಬ್ಬರು ಬೇಕಾದರು. ಮನೆಯಲ್ಲಿ ತಜ್ಞ ನಾನಿದ್ದೆ.

ನನ್ನ ಕೀರ್ತಿಯನ್ನು ನಾನೇ ಹೇಳಿಕೊಳ್ಳುವುದು ಚೆನ್ನಲ್ಲ, ಆದರೆ ಬೇರೆ ಯಾರೂ ಹೇಳುತ್ತಿಲ್ಲವಾದ್ದರಿಂದ ಬೇರೆ ದಾರಿಯಿಲ್ಲ. ಆಸ್ಟಿನ್ನಿನ ನಮ್ಮ ಕಾಲೇಜು ಹಾಸ್ಟೆಲಿನಲ್ಲಿ, ಮೂರನೇ ಮಹಡಿಯಲ್ಲಿ, ಬಿಸ್ಕತ್ತು ಪಣವಿಟ್ಟು ಆಡುವ ಪೋಕರಿನಲ್ಲಿ ನನ್ನನ್ನು ಮೀರಿಸಿದವರಿರಲಿಲ್ಲ. ಒಮ್ಮೆ ನಾನು ಗೆದ್ದ ಬಿಸ್ಕತ್ತುಗಳನ್ನು ಇಡಲು ಜಾಗವಿಲ್ಲದೆ ಲಾಂಡ್ರಿ ಬುಟ್ಟಿ ತಂದದ್ದುಂಟು. ನನ್ನ ಗುಟ್ಟೆಲ್ಲ ಮುಖದಲ್ಲಿತ್ತು. ಎಂಥ ಎಲೆ ಬಂದರೂ ಕಲ್ಲಿನಂತೆ ಕೂರುವ ಮುಖ. ಅದಕ್ಕಾಗಿ ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡುತ್ತಿದ್ದೆ. ನನ್ನ ರೂಮ್‌ಮೇಟ್ ಅದನ್ನು ನೋಡಿ ಹೊಟ್ಟೆನೋವಿನ ಮಾತ್ರೆ ಬೇಕೇ ಎಂದು ಕೇಳಿದ, ಅಸೂಯೆ. ಇದರ ಜೊತೆಗೆ ಒಂದು ಕಪ್ಪು ಕನ್ನಡಕವನ್ನೂ ಕೊಂಡೆ. ಅದನ್ನು ಹಾಕಿಕೊಂಡರೆ ನನ್ನ ಕಣ್ಣು ಯಾರಿಗೂ ಕಾಣುವುದಿಲ್ಲ. ನನಗೆ ಎಲೆಗಳೂ ಕಾಣುವುದಿಲ್ಲ, ಅದು ಬೇರೆ.

ಹೊರಡುವ ಹಿಂದಿನ ದಿನ ಅಕ್ಕ ಫೋನ್ ಮಾಡಿದಳು. ಮಾಮೂಲಿನ ಬೈಗುಳವಿಲ್ಲದೆ ನೇರವಾಗಿ ಶುರು ಮಾಡಿದ್ದರಿಂದಲೇ ನನಗೆ ಗಾಬರಿಯಾಯಿತು.

"ನೋಡು, ಅಪ್ಪ ನಿನ್ನ ಮಾತು ಕೇಳ್ತಾರೆ. ನಂಗೆ ಅವನು ಇಷ್ಟ ಆಗಿದಾನೆ ಕಣೋ. ನಿನ್ನ ಜೋಕಿಗೋಸ್ಕರ ಏನೇನೋ ಹೇಳಿ ಇದನ್ನ ಕೆಡಿಸಬೇಡ."

"ನಾನು ನಿಷ್ಪಕ್ಷಪಾತಿ" ಎಂದೆ. ಅಕ್ಕನ ಇಡೀ ಬದುಕು ಹೀಗೆ ನನ್ನ ಅಂಗೈಗೆ ಬಂದು ಕೂತದ್ದು ನೋಡಿ, ನಾಚಿಕೆಯಿಲ್ಲದೆ ಹೇಳುತ್ತೇನೆ, ಖುಷಿಯಾಯಿತು.

ಶುಕ್ರವಾರ ಅಪ್ಪ ಹ್ಯೂಸ್ಟನ್ ಹತ್ತಿರದ ಕೇಟಿಯ ನಮ್ಮ ಮನೆಯಿಂದ ಆಸ್ಟಿನ್ನಿಗೆ ಬಂದು ನನ್ನನ್ನು ಕಾರಿಗೆ ಹಾಕಿಕೊಂಡರು. ಸಂಜೆಗೆ ಡಾಲಸ್ ದಾಟಿ ಕ್ಯಾರಲ್ಟನ್ ಸೇರಿದೆವು. ಶ್ರೀಧರ ಮನೆಗೆ ಕರೆದ. ಪರೀಕ್ಷಾರ್ಥಿಯ ಮನೆಯಲ್ಲಿ ಪರೀಕ್ಷಕರು ಉಳಿಯಬಾರದೆಂದು ಅಪ್ಪ ಮೋಟೆಲ್ ಹಿಡಿದರು. ಶನಿವಾರ ಬೆಳಗ್ಗೆ ಮೂವರೂ ಉತ್ತರಕ್ಕೆ ಹೊರಟೆವು. ಟೆಕ್ಸಾಸಿನಲ್ಲಿ ಕ್ಯಾಸಿನೋ ಇಲ್ಲ. ಹಾಗಾಗಿ ಟೆಕ್ಸಾಸಿನವರೆಲ್ಲ ನದಿ ದಾಟಿ ಒಕ್ಲಹೋಮಾಕ್ಕೆ ಹೋಗಿ ತಮ್ಮ ಸದಾಚಾರವನ್ನು ಈಚೆ ದಡದಲ್ಲಿಯೇ ಬಿಟ್ಟು ಆಡುತ್ತಾರೆ. ಅಲ್ಲಿ ನಾವು ಹೋದ ಕಡೆ ಹದಿನೆಂಟಾಗಿದ್ದರೆ ಸಾಕಿತ್ತು. ಬಾಗಿಲಲ್ಲಿ ನನ್ನ ಲೈಸೆನ್ಸನ್ನು ಕಾವಲಿನವನು ಬೆಳಕಿಗೆ ಹಿಡಿದು, ತಿರುಗಿಸಿ, ಮತ್ತೆ ನನ್ನನ್ನು ನೋಡಿ, ಕೊನೆಗೆ ಅಪ್ಪನನ್ನು ನೋಡಿ ಬಿಟ್ಟ.

ಪೋಕರ್ ಕೋಣೆಯಲ್ಲಿ ಅತಿ ಸಣ್ಣ ಪಣದ ಮೇಜಿನಲ್ಲಿ ನಾನೂ ಶ್ರೀಧರನೂ ಎದುರುಬದುರಾಗಿ ಕೂತೆವು. ಆಟ ಸುಲಭ. ಪ್ರತಿಯೊಬ್ಬರಿಗೂ ಗುಟ್ಟಾಗಿ ಎರಡು ಎಲೆ. ನಡುವೆ ಎಲ್ಲರಿಗೂ ಕಾಣುವಂತೆ ಐದು ಎಲೆ. ನಿಮ್ಮ ಎಲೆ ಚೆನ್ನಾಗಿದೆ ಎನಿಸಿದರೆ ಪಣ ಏರಿಸಿ, ಇಲ್ಲವಾದರೆ ಎಲೆ ಬಿಸಾಕಿ. ಚೆನ್ನಾಗಿಲ್ಲದಿದ್ದರೂ ಇದೆ ಎಂಬಂತೆ ಏರಿಸಿದರೆ ಅದು ಬ್ಲಫ್, ಅಂದರೆ ನನ್ನ ವಿಶೇಷ ವಿಷಯ. ಮೇಜಿನಲ್ಲಿ ದೊಡ್ಡ ಹ್ಯಾಟಿನ ಮುದುಕನೊಬ್ಬ, ಬೆಳ್ಳಿಕೂದಲಿನ ಅಜ್ಜಿಯೊಬ್ಬಳು, ಇನ್ನೂ ಕೆಲವರಿದ್ದರು. ಅಪ್ಪ ಆಡುವುದಿಲ್ಲವೆಂದರು. ಎಲೆ ಹಂಚುವ ಹೆಂಗಸನ್ನು ಕೇಳಿ, "ನಾನು ಇವನ ತಂದೆ" ಎಂಬ ಅರ್ಹತೆಯ ಮೇಲೆ ನನ್ನ ಬೆನ್ನ ಹಿಂದೆ ಒಂದು ಕುರ್ಚಿ ಹಾಕಿಸಿಕೊಂಡರು. ಅಲ್ಲಿ ಕಾಫಿ ಬಿಟ್ಟಿ. ಅದು ಗೊತ್ತಾದ ಮೇಲೆ ಕ್ಯಾಸಿನೋ ಬಗ್ಗೆ ಅಪ್ಪನಿಗಿದ್ದ ತಾತ್ವಿಕ ವಿರೋಧ ಅರ್ಧ ಇಳಿಯಿತು.

ನಾನು ಕಪ್ಪು ಕನ್ನಡಕ ಹಾಕಿದೆ. ಮುಖವನ್ನು ಕಲ್ಲು ಮಾಡಿದೆ. ಎರಡು ಎಲೆಗಳ ತುದಿಯನ್ನು ಟೀವಿಯಲ್ಲಿ ನೋಡಿದ ಹಾಗೆ ಹೆಬ್ಬೆರಳಿನಿಂದ ಎತ್ತಿ ನೋಡುತ್ತಿದ್ದೆ. ಕತ್ತಲಲ್ಲಿ ಕಾಣದೆ ಇನ್ನೂ ಸ್ವಲ್ಪ ಎತ್ತುತ್ತಿದ್ದೆ. ನನ್ನ ಪ್ರಭಾವ ಕೂಡಲೇ ಕಾಣಿಸಿತು. ಮೇಜಿನಲ್ಲಿ ಯಾರಿಗೂ ನನ್ನ ಮುಖ ನೋಡುವ ಧೈರ್ಯವಿರಲಿಲ್ಲ. ನಾನು ಎಲೆ ನೋಡಿದ ಕೂಡಲೇ ಎಲ್ಲರೂ ನನ್ನ ತಲೆಯ ಮೇಲೆ ಎಲ್ಲೋ ಶೂನ್ಯದಲ್ಲಿ ದೃಷ್ಟಿ ನೆಡುತ್ತಿದ್ದರು. ಹ್ಯಾಟಿನ ಮುದುಕನಂತೂ ಸ್ವಲ್ಪ ಬಾಗಿ ನೋಡುತ್ತಿದ್ದ. ಇಷ್ಟಾದರೂ ಅದೃಷ್ಟ ಕೈಕೊಟ್ಟಿತು. ನನಗೆ ಜೋಡಿ ರಾಜರು ಬಂದ ಆಟದಲ್ಲಿ ಎಲ್ಲರೂ ಎಲೆ ಬಿಸಾಕಿ ಎದ್ದು ಕಾಲು ನೀವಿಕೊಂಡರು, ಗೆದ್ದದ್ದು ಚಿಲ್ಲರೆ. ನನಗೆ ಕಸ ಬಂದು ಬ್ಲಫ್ ಮಾಡಿದಾಗಲೆಲ್ಲ ಆ ಅಜ್ಜಿ ಕೂಡ ನಗುನಗುತ್ತ ಪಣ ಏರಿಸಿದಳು.

ಶ್ರೀಧರನ ಆಟವನ್ನು ಗಮನಿಸಿದೆ. ಬೇರೆಯವರ ಮೇಲೆ ಚೆನ್ನಾಗಿಯೇ ಆಡಿ, ದುಡ್ಡಿನ ಬದಲು ಪಣವಿಡುವ ಬಿಲ್ಲೆಗಳ ಗುಡ್ಡೆ ಮಾಡಿಕೊಂಡಿದ್ದ. ನಾನು ಆಟಕ್ಕಿಳಿದ ಕೂಡಲೇ ಮಾತ್ರ ತಲೆ ತಗ್ಗಿಸಿ, ಎಲೆ ಬಿಸಾಕಿ, ತನ್ನ ಬಿಲ್ಲೆಗಳನ್ನು ಜೋಡಿಸುತ್ತ ಕೂರುತ್ತಿದ್ದ. ಹೆದರುಪುಕ್ಕ, ಎಂದು ಮನಸ್ಸಿನಲ್ಲೇ ವರದಿ ಬರೆದುಕೊಂಡೆ. ಹದಿನೆಂಟರ ಹುಡುಗನಿಗೆ ಹೆದರುವವನು ನಾಳೆ ನಮ್ಮಕ್ಕನ ಎದುರು ನಿಲ್ಲುವುದು ಹೇಗೆ? ಅಪ್ಪನಿಗೆ ಇಷ್ಟು ಹೇಳಿದರೆ ಮುಗಿಯಿತು. ಅಕ್ಕ ಅಳುತ್ತಾಳೆ, ನಿಜ. ಆದರೆ ಪರೀಕ್ಷಕನಿಗೆ ಕರುಣೆ ಇರಬಾರದು.

ಆಮೇಲೆ ನನಗೆ ಏಳು ಮತ್ತು ಎರಡು ಬಂತು. ಪೋಕರಿನಲ್ಲಿ ಇದಕ್ಕಿಂತ ದರಿದ್ರ ಜೋಡಿಯಿಲ್ಲ. ಇದರಿಂದಲೇ ಗೆದ್ದು ತೋರಿಸುತ್ತೇನೆಂದು ನಿರ್ಧರಿಸಿ ಪಣ ಏರಿಸಿದೆ. ಮತ್ತೆ ಏರಿಸಿದೆ. ಮೂರನೇ ಸಲ ಕೈ ಬಿಲ್ಲೆಗಳ ಮೇಲೆ ಹೋಗುತ್ತಲೂ ಹಿಂದಿನಿಂದ ಅಪ್ಪನ ಧ್ವನಿ ಬಂತು.

"ಯಾಕೋ? ಏನೂ ಇಲ್ವಲ್ಲೋ ನಿನ್ನ ಹತ್ರ?"

ಎಲೆ ಹಂಚುವ ಹೆಂಗಸು ಕೈಯೆತ್ತಿದಳು. ಆಟ ನಡೆಯುವಾಗ ಮೇಜಿನಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಆಡುವಂತಿಲ್ಲ, ಅದು ಎಲ್ಲ ಪೋಕರ್ ಕೋಣೆಗಳ ನಿಯಮ. ಗುಟ್ಟಿನಲ್ಲಿ ಸಹಾಯ ಮಾಡಬಾರದೆಂದು. "ಇಂಗ್ಲಿಷ್ ಮಾತ್ರ, ಸರ್" ಅಂದಳು. ಅಪ್ಪ ನಿಯಮಕ್ಕೆ ತಲೆಬಾಗುವ ಮನುಷ್ಯ. ಕ್ಷಮೆ ಕೇಳಿ, ಗಂಟಲು ಸರಿಮಾಡಿಕೊಂಡು, ಅದೇ ಮಾತನ್ನು ಶುದ್ಧ ಇಂಗ್ಲಿಷಿನಲ್ಲಿ ಇಡೀ ಮೇಜಿಗೆ ಕೇಳುವಂತೆ ಹೇಳಿದರು: ಇವನ ಬಳಿ ಏನೂ ಇಲ್ಲ, ಆದರೂ ಯಾಕೆ ದುಡ್ಡು ಹಾಕುತ್ತಿದ್ದಾನೆ ಎಂದಷ್ಟೇ ನಾನು ಕೇಳಿದ್ದು.

ಹ್ಯಾಟಿನ ಮುದುಕ ಕೆಮ್ಮುತ್ತ ಮೇಜಿನ ಮೇಲೆ ಒರಗಿದ. ಅಜ್ಜಿ ಕಣ್ಣೊರೆಸಿಕೊಂಡಳು. ಎಲೆ ಹಂಚುವವಳು ನಗಲಿಲ್ಲ, ಕೈಯಲ್ಲಿರುವ ಎಲೆಯ ಗುಟ್ಟು ಬಯಲು ಮಾಡುವುದು ಇನ್ನೂ ದೊಡ್ಡ ತಪ್ಪು. ತಿರುಗಿ ಮ್ಯಾನೇಜರನ್ನು ಕೈಬೀಸಿ ಕರೆದಳು. ಅವನು ಸೊಂಟದ ಬೆಲ್ಟು ಸರಿಮಾಡುತ್ತ ನಮ್ಮ ಕಡೆ ಹೊರಟ. ಅಪ್ಪ ಎಲ್ಲರ ಮುಖ ನೋಡಿ ತಾವೂ ಸ್ವಲ್ಪ ನಕ್ಕರು, ಏನೋ ಜೋಕು ನಡೆದಿದೆ, ತಮಗೆ ತಿಳಿಯಲಿಲ್ಲ ಎಂಬಂತೆ. ಇನ್ನೇನು, ಭಾವೀ ಅಳಿಯನ ಎದುರಿಗೆ ಅಪ್ಪನನ್ನು ಕುರ್ಚಿಯಿಂದ ಎಬ್ಬಿಸಿ ಕಳಿಸುತ್ತಾರೆ. ನಾನು ಏನಾದರೂ ಹೇಳಬೇಕಿತ್ತು. ಕಲ್ಲಿನ ಮುಖ ಮಾಡಿಕೊಂಡು ಕೂತಿದ್ದೆ.

ಅಷ್ಟರಲ್ಲಿ ಶ್ರೀಧರ ಎದ್ದ. ಬಿಲ್ಲೆಗಳ ಗುಡ್ಡೆಯನ್ನು ಟ್ರೇಗೆ ತುಂಬಿಕೊಂಡ. "ಅಂಕಲ್, ಹೊತ್ತಾತು, ಏಳ್ರಿ. ನಿಮ್ಮನ್ನ ಹೊತ್ತಿಗೆ ಸರಿಯಾಗಿ ಊಟಕ್ಕ ಕೂಡಸಬೇಕಂತ ಆಂಟಿ ನನಗ ಹೇಳ್ಯಾರ. ಇಲ್ಲಿ ಬಫೆ ಭಾಳ ಛಲೋ ಅದ."

"ಆಟ ನಡೀತಿದೆಯಲ್ಲಪ್ಪಾ, ನೀನು ಗೆಲ್ತಿದೀಯ" ಅಂದರು ಅಪ್ಪ.

"ಆಟ ಎಲ್ಲಿಗೆ ಹೋಗ್ತದ್ರಿ? ಅನ್ನ ಆರ್ತದ, ಬರ್ರಿ."

ಅಮ್ಮ ಅವನ ಹತ್ತಿರ ಒಂದು ಸಲವೂ ಮಾತಾಡಿರಲಿಲ್ಲ. ಅಪ್ಪನಿಗೂ ಅದು ಗೊತ್ತಿರಬೇಕು, ಆದರೆ ಊಟದ ಮಾತಿನಲ್ಲಿ ಅವರು ಸಾಕ್ಷಿ ಕೇಳುವುದಿಲ್ಲ. ಮ್ಯಾನೇಜರ್ ಬಂದಾಗ ಕುರ್ಚಿ ಖಾಲಿ.

"ಅಯ್ಯೋ ಪಾಪ" ಅಂದ ಹ್ಯಾಟಿನ ಮುದುಕ, ಬಾಗಿಲ ಕಡೆ ನೋಡುತ್ತ. "ನಿಮ್ಮಪ್ಪ ಇನ್ನೊಂದು ಗಂಟೆ ಕೂತಿದ್ದರೆ ನಾನೊಂದು ದೋಣಿ ಕೊಳ್ಳುತ್ತಿದ್ದೆ." ಆಮೇಲೆ ಅವನೇ ಅಭಿನಯಿಸಿ ತೋರಿಸಿದ. ನನಗೆ ಒಳ್ಳೆ ಎಲೆ ಬಂದರೆ ಅಪ್ಪನ ಹುಬ್ಬು ಹೀಗೆ ಏರುತ್ತಿತ್ತು, ಕಾಫಿ ಲೋಟ ಬಾಯಿಗೆ ಹೋಗುತ್ತಿತ್ತು. ಕಸ ಬಂದರೆ ತುಟಿ ಹೀಗೆ ಜೋತು, ತಲೆ ಆ ಕಡೆ ಈ ಕಡೆ. ಅಂದರೆ ಬೆಳಗಿನಿಂದ ನನ್ನ ಎಲೆಗಳು ನನ್ನ ತಲೆಯ ಮೇಲೆ ಸಿನಿಮಾದಂತೆ ಓಡುತ್ತಿದ್ದವು. ಕೆಳಗೆ ನಾನು ಕಪ್ಪು ಕನ್ನಡಕ ಹಾಕಿಕೊಂಡು ಗುಟ್ಟು ಕಾಪಾಡುತ್ತಿದ್ದೆ.

"ನಿನ್ನ ಗೆಳೆಯನೊಬ್ಬನೇ ನೋಡಲಿಲ್ಲ" ಅಂದಳು ಅಜ್ಜಿ. "ನೀನು ಆಡುವಾಗಲೆಲ್ಲ ಬೇಕೆಂದೇ ತಲೆ ತಗ್ಗಿಸುತ್ತಿದ್ದ. ನಾನಾಗಿದ್ದರೆ ಆಗುತ್ತಿರಲಿಲ್ಲ. ನಿಜ ಹೇಳಬೇಕೆಂದರೆ, ಆಗಲಿಲ್ಲ."

ಅಪ್ಪ ಹೋದ ಮೇಲೆ ನನ್ನ ಅಸಲಿ ಪ್ರತಿಭೆ ಹೊರಬಂತು. ಮೊದಲಿಗಿಂತ ಬೇಗ ಸೋತೆ. ಬಫೆಗೆ ಹೋದರೆ ಅಲ್ಲಿ ಶ್ರೀಧರ ಯಾವುದರಲ್ಲಿ ದನದ ಮಾಂಸವಿಲ್ಲ ಎಂದು ಬಡಿಸುವವರನ್ನು ವಿಚಾರಿಸಿ ಅಪ್ಪನ ತಟ್ಟೆಗೆ ಹಾಕಿಸುತ್ತಿದ್ದ. "ನಿಮ್ಮ ಹುಡುಗ ಭಾಳ ಛಲೋ ಆಡ್ತಾನ್ರಿ. ಇವತ್ತ ಎಲೆನೇ ಬರಲಿಲ್ಲ, ಏನ್ ಮಾಡ್ತಾನ?" ಅನ್ನುತ್ತಿದ್ದ. ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಭಾನುವಾರ ವಾಪಸು ಬರುವಾಗ ಅಪ್ಪ ತೀರ್ಪು ಕೊಟ್ಟರು. "ಗೆಲ್ಲೋ ಆಟ ಬಿಟ್ಟು ಊಟಕ್ಕೆ ಎದ್ದ. ಜೂಜುಕೋರ ಎಲ್ಲಾದ್ರೂ ಏಳ್ತಾನಾ? ಹುಡುಗ ಗಟ್ಟಿ." ತಪ್ಪು ಲೆಕ್ಕ, ಸರಿ ಉತ್ತರ. "ನೀನೇನಂತೀಯ? ಎಕ್ಸ್‌ಪರ್ಟು ನೀನು."

ನಿಜ ಹೇಳಿದರೆ ಅಪ್ಪನ ಮುಖ ಹೇಗಾಗುತ್ತದೆಂದು ನನಗೆ ಗೊತ್ತಿತ್ತು. ಹ್ಯಾಟಿನ ಮುದುಕ ಅಭಿನಯಿಸಿ ತೋರಿಸಿದ್ದ. "ಆಟ ಸುಮಾರು. ಮನುಷ್ಯ ಪರವಾಗಿಲ್ಲ" ಎಂದೆ. ಅಕ್ಕನ ಮದುವೆ ಆ ಎರಡು ವಾಕ್ಯದ ಮೇಲೆ ಗಟ್ಟಿಯಾಯಿತು.

ವಾರದೊಳಗೆ ಅಕ್ಕನ ಫೋನು. ಧಾರವಾಡದಿಂದ ಶ್ರೀಧರನ ತಾಯಿ ಅವನನ್ನು ಕೇಳಿದರಂತೆ, ಹುಡುಗಿಯ ತಮ್ಮ ಹೇಗೆ ಎಂದು. ಇವನು ಅಂದನಂತೆ: "ಭಾಳ ಸಾಧು ಹುಡುಗ. ಪಾಪ, ಸುಳ್ಳು ಹೇಳ್ಲಿಕ್ಕೆ ಬರಂಗಿಲ್ಲ." ಅಕ್ಕ ನಗುವುದನ್ನು ನಿಲ್ಲಿಸಲಿಲ್ಲ. ಅಮ್ಮನಿಗೆ ಮಾತ್ರ ಆನಂದಬಾಷ್ಪ. ಕೇಟಿಯ ಅಷ್ಟೂ ಆಂಟಿಯರಿಗೆ ಈ ಪ್ರಮಾಣಪತ್ರವನ್ನು ಹಂಚಿದರು. ಹಾಸ್ಟೆಲಿನವರೆಗೆ ಬಾರದಿರಲೆಂದು ನಾನು ದೇವರನ್ನು ಬೇಡಿಕೊಂಡೆ.

ಪೇರ್ಲ್ಯಾಂಡ್ ದೇವಸ್ಥಾನದ ಹಾಲ್‌ನಲ್ಲಿ ನಿಶ್ಚಿತಾರ್ಥವಾಯಿತು. ಗಂಡಿನ ಕಡೆಯವರದ್ದೆಲ್ಲ ಆಗುವವರೆಗೆ ನಾವು ಊಟಕ್ಕೆ ಕೂರುವಂತಿಲ್ಲ, ಕೇಳಿದರೆ ಆಯಿತು ಅನ್ನಬೇಕು ಎಂದು ಅಮ್ಮ ಕಟ್ಟಪ್ಪಣೆ ಮಾಡಿದ್ದರು. ಧಾರವಾಡದಿಂದ ಬಂದಿದ್ದ ಶ್ರೀಧರನ ದೊಡ್ಡಮ್ಮ ನನ್ನನ್ನು ನಿಲ್ಲಿಸಿ, "ಅಯ್ಯ, ಆ ಸಾಧು ಹುಡುಗ ನೀನ ಏನು? ಊಟ ಆತೇನಪಾ?" ಅಂದರು.

"ಆಯ್ತು ಆಂಟಿ."

ಅವರು ನನ್ನ ಮುಖವನ್ನು ಒಂದು ಕ್ಷಣ ನೋಡಿದರು. "ಆಗಿಲ್ಲ. ಬಾ, ಕೂಡು."

ಹೋಗಿ ಕೂತೆ. ಎರಡು ಹೋಳಿಗೆ ತಿಂದೆ. ಮೂರನೆಯದಕ್ಕೆ ನಿಜವಾಗಿಯೂ ಸಾಕೆಂದು ಎಲೆಯ ಮೇಲೆ ಕೈ ಅಡ್ಡ ಹಿಡಿದೆ. ಅದನ್ನೂ ಅವರು ನಂಬಲಿಲ್ಲ.